ಏಳನೇ ರೀಲಿನಲ್ಲಿ ಇಲ್ಲದ ದೃಶ್ಯ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಕನಸಿನ ಫಲ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಊರಿನಲ್ಲಿ ಅಮ್ಮ ನಂಬುತ್ತಿದ್ದರು, ಡೊಂಬಿವಿಲಿಯಲ್ಲಿ ಹೆಂಡತಿ ನಂಬುತ್ತಿದ್ದಳು. ನಾನು ಇಬ್ಬರನ್ನೂ ತಮಾಷೆ ಮಾಡಿಕೊಂಡು ಇದ್ದವನು. ಅದಕ್ಕೆ ನನ್ನ ಕೆಲಸವೂ ಒಂದು ಕಾರಣ ಇರಬಹುದು. ಮರಾಠಿ ಸೀಮೆಯ ಕಲ್ಯಾಣದ ಒಂದು ಹಳೆಯ ಟಾಕೀಸಿನಲ್ಲಿ ನಾನು ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದೆ, ಎಂದರೆ ಪ್ರೊಜೆಕ್ಟರ್ ಓಡಿಸುವವನು. ಕೆಳಗೆ ಜನ ದೆವ್ವದ ಪಿಕ್ಚರ್ ನೋಡಿ ಕಿರುಚಿಕೊಳ್ಳುವಾಗ ನಾನು ಮೇಲೆ ಕ್ಯಾಬಿನ್ನಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆ. ಆ ದೆವ್ವ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ರೀಲಿನಲ್ಲಿ ಸುತ್ತಿಕೊಂಡು ಕೂತಿದೆ ಎಂದು ಗೊತ್ತಿದ್ದವನಿಗೆ ಹೆದರಿಕೆ ಎಲ್ಲಿಂದ ಬರಬೇಕು? ಪರದೆಯ ಮೇಲೆ ಕಾಣುವುದೆಲ್ಲ ಮೊದಲು ನನ್ನ ಬೆರಳ ನಡುವೆ ಹಾದುಹೋದದ್ದು. ರೀಲಿನಲ್ಲಿ ಇಲ್ಲದ್ದು ಪರದೆಯ ಮೇಲೆ ಬರುವುದಿಲ್ಲ. ಇಷ್ಟೇ ನನ್ನ ವೇದಾಂತ.

ಆ ವೇದಾಂತಕ್ಕೆ ಒಂದು ಗುರುವಾರದ ಮಧ್ಯಾಹ್ನ ಏನಾಯಿತು ಎಂಬುದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇಸವಿ, ಡಿಸೆಂಬರ್ ತಿಂಗಳು. ಆಗ ನನ್ನ ಕ್ಯಾಬಿನ್ನಿಗೆ ದಿನವೂ ಬರುತ್ತಿದ್ದ ಸ್ನೇಹಿತರೊಬ್ಬರಿದ್ದರು, ಶಿವಪ್ಪ ಹವಾಲ್ದಾರರು. ವಿಜಯಪುರದ ಕಡೆಯವರು, ರೈಲ್ವೆ ಪೊಲೀಸಿನಲ್ಲಿ ಕೆಲಸ. ಆರಡಿ ಆಳು, ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಸ್ಟೇಷನ್ನಿನ ಹಮಾಲರಿಂದ ಹಿಡಿದು ಹೂವಿನವಳವರೆಗೆ ಎಲ್ಲರಿಗೂ ಅವರು ಗೊತ್ತು. ನನಗೂ ಅವರಿಗೂ ಪರಿಚಯವಾದದ್ದು ಕನ್ನಡದಿಂದಲೇ. ನಾನು ಕಾರ್ಕಳದವನು, ಮನೆಯಲ್ಲಿ ತುಳು; ಅವರ ಕನ್ನಡಕ್ಕೂ ನನ್ನ ಕನ್ನಡಕ್ಕೂ ಅಷ್ಟಕ್ಕಷ್ಟೆ. ಆದರೂ ಮರಾಠಿ ಹಿಂದಿಗಳ ನಡುವೆ ಬದುಕುವವರಿಗೆ ಅಷ್ಟು ಸಾಕು.

ಹಿಂದಿನ ವರ್ಷ ಅವರಿಗೆ ಒಂದು ಅನಾಹುತವಾಗಿತ್ತು. ಸಂಜೆ, ಆಫೀಸು ಬಿಡುವ ಹೊತ್ತಿನ ಗದ್ದಲ. ಹೊರಟಿದ್ದ ಲೋಕಲ್ಲಿಗೆ ಹತ್ತಲು ಹೋದ ಹೆಂಗಸೊಬ್ಬಳು ಕಾಲು ತಪ್ಪಿ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವೆ ಇಳಿದುಬಿಟ್ಟಳು. ಶಿವಪ್ಪ ಓಡಿಹೋಗಿ ಅವಳ ಕೈ ಹಿಡಿದರು. ಹಿಡಿದದ್ದು ನಿಜ. ಗಾಡಿಯ ಜೊತೆ ಹತ್ತು ಹೆಜ್ಜೆ ಓಡಿದ್ದೂ ನಿಜ. ಆಮೇಲೆ ಅವರ ಅಂಗೈಯಲ್ಲಿ ಎರಡು ತುಂಡು ಹಸಿರು ಗಾಜಿನ ಬಳೆ ಉಳಿದವು, ಅವಳು ಉಳಿಯಲಿಲ್ಲ.

ಅಂದಿನಿಂದ ಅವರ ಬಲಗೈ ಮುಚ್ಚುವುದು ನಿಂತಿತು. ಬೆರಳು ಬಾಗುತ್ತಿದ್ದವು, ಆದರೆ ಮುಷ್ಟಿ ಆಗುತ್ತಿರಲಿಲ್ಲ. ಲಾಠಿ ಹೋಗಲಿ, ಚಹಾದ ಗ್ಲಾಸೂ ನಿಲ್ಲುತ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದರು, ನರಗಳ ಡಾಕ್ಟರಿಗೆ ತೋರಿಸಿದರು. ಕೈಯಲ್ಲಿ ಏನೂ ದೋಷವಿಲ್ಲ ಎಂದರು. ಪ್ಲಾಟ್‌ಫಾರ್ಮಿಗೆ ಕಾಲಿಡಲು ಹೋದರೆ ಮೈಯೆಲ್ಲ ಬೆವರುತ್ತಿತ್ತು. ಕೆಲವು ತಿಂಗಳು ಠಾಣೆಯ ಒಳಗೆ ಕಾಗದದ ಕೆಲಸ ಕೊಟ್ಟರು, ಆಮೇಲೆ ಸಿಕ್ ಲೀವು. ಮನೆಯಲ್ಲಿ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು. ಆ ಮಕ್ಕಳ ಮುಖ ನೋಡಲಾಗದೆ ಮಧ್ಯಾಹ್ನವಾದರೆ ನನ್ನ ಕ್ಯಾಬಿನ್ನಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮುಂದಿನ ಸೋಮವಾರ ಠಾಣೆ ನಗರದಲ್ಲಿ ಡಾಕ್ಟರುಗಳ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಅಲ್ಲಿ ಕೈ ಮುಚ್ಚದಿದ್ದರೆ ನೌಕರಿ ಮುಗಿದ ಹಾಗೆ.

ಆ ವಾರ ನಮ್ಮಲ್ಲಿ ಓಡುತ್ತಿದ್ದದ್ದು ಒಂದು ಹಿಂದಿ ಪಿಕ್ಚರ್. ಹೀರೋ ಪೊಲೀಸ್ ಇನ್ಸ್‌ಪೆಕ್ಟರ್. ಕಟ್ಟಡದ ಅಂಚಿನಲ್ಲಿ ಅವನು ಹಿಡಿದಿದ್ದ ಒಬ್ಬ ಹುಡುಗಿ ಅವನ ಕೈಯಿಂದ ಜಾರಿಬಿದ್ದು ಸತ್ತಿರುತ್ತಾಳೆ. ಆಮೇಲೆ ಅವಳು ಅವನಿಗೆ ಕನ್ನಡಿಯಲ್ಲಿ, ಕಿಟಕಿಯ ಗಾಜಿನಲ್ಲಿ ಕಾಣತೊಡಗುತ್ತಾಳೆ. ಊರಲ್ಲಿ ಕೊಲೆಗಳಾಗುತ್ತಿರುತ್ತವೆ, ಅವಳು ಇವನಿಗೆ ಜಾಗ ತೋರಿಸುತ್ತಾಳೆ, ಮೇಲಧಿಕಾರಿ ಇವನಿಗೆ ತಲೆ ಕೆಟ್ಟಿದೆ ಎಂದು ಪಿಸ್ತೂಲು ಕಿತ್ತುಕೊಳ್ಳುತ್ತಾನೆ. ಜನ ಬರಲಿಲ್ಲ. ಮೂರನೇ ದಿನಕ್ಕೇ ಟಾಕೀಸು ಅರ್ಧಕ್ಕಿಂತ ಹೆಚ್ಚು ಖಾಲಿ.

ಇದು ಇಂಥ ಪಿಕ್ಚರ್ ಎಂದು ಗೊತ್ತಿದ್ದರೆ ಶುಕ್ರವಾರವೇ ಅವರನ್ನು ಬರಬೇಡಿ ಎನ್ನುತ್ತಿದ್ದೆ. ಆದರೆ ಅವರು ಮೊದಲ ದಿನವೇ ಪೂರ್ತಿ ನೋಡಿದರು. ಮರುದಿನವೂ ಬಂದರು, ಅದರ ಮರುದಿನವೂ.

"ಎಂತಕ್ಕೆ ಮಾರಾಯ್ರೆ ನಿಮಗೆ ಈ ಕರ್ಮ? ಚಂದದ್ದು ಬಂದಾಗ ನೋಡಿದರೆ ಆಗುದಿಲ್ವಾ?" ಎಂದೆ.

"ಅಣ್ಣಾರ, ಆ ಇನ್ಸ್‌ಪೆಕ್ಟರ್ ರಾತ್ರಿ ಖುರ್ಚಿ ಮ್ಯಾಲೆ ಕುಂತಲ್ಲೇ ನಿದ್ದಿ ಹೊಡಿತಾನ ನೋಡ್ರಿ. ಅದು ಶುದ್ಧ ಸುಳ್ಳ. ನಿದ್ದಿ ಬರೂದಿಲ್ಲ," ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ಅವರ ಸಾಹೇಬ ಅಂವನ ಮಾತು ನಂಬೂದಿಲ್ಲಲಾ, ಅದೊಂದು ಸೀನ್ ಖರೇ ಐತಿ. ಅದನ್ನ ನೋಡಾಕ ಬರ್ತೀನಿ," ಎಂದರು.

ಗುರುವಾರ ಆ ಪಿಕ್ಚರಿನ ಕೊನೆಯ ದಿನ. ಮ್ಯಾಟಿನಿಯಲ್ಲಿ ಕೆಳಗೆ ಐವತ್ತು ಅರವತ್ತು ಜನ ಇದ್ದಿರಬಹುದು. ನನ್ನ ಕ್ಯಾಬಿನ್ನಿನಲ್ಲಿ ಎರಡು ಮಶೀನು, ಎರಡು ಕಿಂಡಿ. ಒಂದರ ರೀಲು ಮುಗಿಯುತ್ತಿದ್ದಂತೆ ಇನ್ನೊಂದನ್ನು ಶುರು ಮಾಡಬೇಕು. ಏಳನೇ ರೀಲು ಹಾಕಿ ನಾನು ನನ್ನ ಕಿಂಡಿಗೆ ಕಣ್ಣಿಟ್ಟು ನಿಂತಿದ್ದೆ. ಶಿವಪ್ಪನವರು ನನ್ನ ಬೆನ್ನಿನ ಹಿಂದೆ ಎರಡನೇ ಕಿಂಡಿಯ ಹತ್ತಿರ ಸ್ಟೂಲಿನಲ್ಲಿ ಕೂತಿದ್ದರು. ಗೋಡೆಗೆ ತೂಗುಹಾಕಿದ ಸಣ್ಣ ಸ್ಪೀಕರಿನಿಂದ ಪಿಕ್ಚರಿನ ಸದ್ದು ಬರುತ್ತಿತ್ತು.

ಏಳನೇ ರೀಲಿನ ನಡುವೆ ಇನ್ಸ್‌ಪೆಕ್ಟರ್ ಮತ್ತೆ ಆ ಕಟ್ಟಡದ ಛಾವಣಿಗೆ ಹೋಗುತ್ತಾನೆ, ಹುಡುಗಿಯ ಕೈ ಜಾರಿದ್ದು ಅವನಿಗೆ ಪೂರ್ತಿಯಾಗಿ ನೆನಪಾಗುತ್ತದೆ. ಆರು ದಿನದಿಂದ ದಿನಕ್ಕೆ ನಾಲ್ಕು ಸಲ ನೋಡಿದ ದೃಶ್ಯ. ಅವನು ಮೆಟ್ಟಿಲು ಹತ್ತಿದ. ಬಾಗಿಲು ತೆಗೆದ. ಆ ಬಾಗಿಲಿನ ಆಚೆ ಛಾವಣಿ ಇರಲಿಲ್ಲ.

ಒಂದು ಇಟ್ಟಿಗೆಯ ಚಿಮಣಿ ಇತ್ತು. ಅದರ ಬಾಯಿಯಲ್ಲಿ ಅರಳಿ ಗಿಡ ಹುಟ್ಟಿ ಆಕಾಶಕ್ಕೆ ಚಾಚಿತ್ತು. ಕೆಳಗೆ ನೀಲಿ ಬಣ್ಣದ ಕಬ್ಬಿಣದ ಗೇಟು. ಒಂದು ಬಾಗಿಲು ತಿರುಗಣಿ ಕಳಚಿ ನೆಲಕ್ಕೆ ವಾಲಿತ್ತು. ಆಮೇಲೆ ಬರೀ ಒಂದು ಗೋಡೆ, ನೇರಳೆ ಬಣ್ಣದ್ದು, ಒದ್ದೆ ಒದ್ದೆ. ಆ ಗೋಡೆಯ ಮೇಲೆ ಒಂದು ಕೈ ಮೆಲ್ಲನೆ ತಡವುತ್ತ ಹೋಗುತ್ತಿತ್ತು. ಹೆಂಗಸಿನ ಕೈ. ಅದೂ ನೇರಳೆ, ಉಗುರು ಸಹಿತ. ಪ್ರಿಂಟಿನ ಬಣ್ಣ ಕೆಟ್ಟಿದೆ ಎಂದೇ ನನಗೆ ಮೊದಲು ಅನ್ನಿಸಿದ್ದು. ಸದ್ದೂ ಇರಲಿಲ್ಲ. ಮಶೀನಿನ ಗರಗರವೂ ಕೇಳದಷ್ಟು ಮೌನ. ಆಂಪ್ಲಿಫಯರ್ ಕೈಕೊಟ್ಟಿತೇ ಎಂದು ಅದರ ಕಡೆ ಕೈಚಾಚಿದೆ, ಆದರೆ ಕಣ್ಣು ಕಿಂಡಿಯಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಇಪ್ಪತ್ತು ಎಣಿಸುವಷ್ಟು ಹೊತ್ತು ಇದ್ದಿರಬೇಕು. ಮತ್ತೆ ಛಾವಣಿ ಬಂತು, ಇನ್ಸ್‌ಪೆಕ್ಟರ್ ಬಂದ, ಸಂಗೀತ ಬಂತು.

ಕಲ್ಯಾಣದ ಪ್ರೇಕ್ಷಕರನ್ನು ನೀವು ಕಂಡವರಲ್ಲ. ಪರದೆ ಒಂದು ಗಳಿಗೆ ಮಸುಕಾದರೆ ಸಾಕು, ಶಿಳ್ಳೆ ಹೊಡೆದು, ನನ್ನ ವಂಶವನ್ನೆಲ್ಲ ನೆನೆದು, ಕುರ್ಚಿ ಕುಟ್ಟುವ ಜನ. ಅಂದು ಒಬ್ಬನೂ ತುಟಿಪಿಟಕ್ಕೆನ್ನಲಿಲ್ಲ.

ನಾನು ತಿರುಗಿದೆ. ಶಿವಪ್ಪನವರು ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಹವಾಲ್ದಾರ್ರೆ, ಇದೆಂತದು?" ಎಂದೆ.

"ಅದು ಶಹಾಡ ರೀ ಅಣ್ಣಾರ. ಸ್ಟೇಷನ್ ದಾಟಿ, ನದಿ ಬ್ರಿಜ್ಜಿನ ಈಚಿ ಕಡಿ," ಎಂದರು. "ಯಾರೋ ಒಬ್ಬಾಕಿ ಅದಾಳ. ಜೀವಂತ ಅದಾಳ. ನಡ್ರಿ."

ಅವರೂ ನೋಡಿದ್ದಾರೆ ಎಂದ ಮೇಲೆ ನನಗೆ ಇನ್ನೇನು ಯೋಚಿಸಲೂ ತೋಚಲಿಲ್ಲ. ಪಕ್ಕದ ಕೋಣೆಯಲ್ಲಿ ನಮ್ಮ ಹಿರಿಯ ಆಪರೇಟರ್ ಪವಾರ್ ಕಾಕಾ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಅವರ ಕೈಗೆ ಮಶೀನು ಒಪ್ಪಿಸಿ, ಅವರು ಬೈಯುತ್ತಿದ್ದುದನ್ನು ಕೇಳಿಸಿಕೊಳ್ಳದೆ ಮೆಟ್ಟಿಲಿಳಿದೆ. ಇಪ್ಪತ್ತೆರಡು ವರ್ಷದಲ್ಲಿ ನಡುಪಿಕ್ಚರಿನಲ್ಲಿ ನಾನು ಕ್ಯಾಬಿನ್ ಬಿಟ್ಟದ್ದು ಅದೊಂದೇ ಸಲ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ರಿಕ್ಷಾಕ್ಕೆ ಕೈ ಮಾಡಿದೆ. ಅವರು ಎಡಗೈಯಿಂದ ನನ್ನ ತೋಳು ಹಿಡಿದೆಳೆದರು. "ರಿಕ್ಷಾ ಫ್ಲೈಓವರಿನ ಮ್ಯಾಲೆ ಸಿಗಬೀಳತೈತಿ. ಕಸಾರಾ ಲೋಕಲ್ ಹೊಂಡೂ ಹೊತ್ತಾತು."

ಒಂದು ವರ್ಷದಿಂದ ಪ್ಲಾಟ್‌ಫಾರ್ಮಿಗೆ ಕಾಲಿಡದ ಮನುಷ್ಯ. ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿಳಿಯುವಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾದದ್ದನ್ನು ನಾನು ಹಿಂದಿನಿಂದ ನೋಡಿದೆ. ಕೊನೆಯ ಮೆಟ್ಟಿಲಿನಲ್ಲಿ ಒಂದು ಕ್ಷಣ ನಿಂತರು. ಬಾಯಲ್ಲಿ ಏನೋ ಹೇಳಿಕೊಂಡರು, ದೇವರ ಹೆಸರೋ ಬೈಗುಳವೋ ಗೊತ್ತಿಲ್ಲ. ಆಮೇಲೆ ಇಳಿದರು. ಗಾಡಿ ನಿಂತಿತ್ತು. ಹತ್ತಿದೆವು.

ಶಹಾಡ್ ಒಂದೇ ಸ್ಟೇಷನ್ ದೂರ. ಇಳಿದವರೇ ಅವರು ಹಳಿಯ ಪಕ್ಕದ ಕಾಲುದಾರಿ ಹಿಡಿದು ನದಿಯ ಕಡೆ ದಾಪುಗಾಲು ಹಾಕಿದರು. ಅಲ್ಲಿ ಬಾಗಿಲು ಮುಚ್ಚಿ ಎಷ್ಟೋ ವರ್ಷವಾದ ಕಾರ್ಖಾನೆಗಳ ಕಾಂಪೌಂಡು ಸಾಲಾಗಿ ಇವೆ. ಒಂದು ಜಾಗಕ್ಕೆ ಬಂದು ಅವರು ನಿಂತರು. ತಲೆ ಒಂದು ಕಡೆ ವಾಲಿಸಿ, ಏನನ್ನೋ ಹುಡುಕುವವರ ಹಾಗೆ ಆ ಕಡೆ ಈ ಕಡೆ ತಿರುಗಿದರು. "ಇಲ್ಲೇ. ಇಲ್ಲೇ ಎಲ್ಲೋ," ಎಂದರು.

ನನಗೆ ಅಷ್ಟರಲ್ಲಿ ಚಿಮಣಿ ಕಂಡಿತ್ತು. ಮೂರನೇ ಕಾಂಪೌಂಡಿನ ಒಳಗೆ, ಬಾಯಿಯಲ್ಲಿ ಅರಳಿ ಗಿಡ ಹೊತ್ತ ಇಟ್ಟಿಗೆಯ ಚಿಮಣಿ. ನನ್ನ ಮೈಮೇಲಿನ ಕೂದಲು ನೆಟ್ಟಗಾಯಿತು ಎಂದರೆ ಅದು ಬರೆಯುವವರ ಮಾತಲ್ಲ, ನಿಜವಾಗಿಯೂ ಆಯಿತು. ನಾನೇ ಮುಂದೆ ಓಡಿದೆ. ನೀಲಿ ಗೇಟು. ಒಂದು ಬಾಗಿಲು ವಾಲಿಕೊಂಡಿತ್ತು. ಅದರ ಸಂದಿಯಲ್ಲಿ ನುಸುಳಿದೆವು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಾಗಿತ್ತು. ಹಿತ್ತಿಲಿನಲ್ಲಿ ಬಣ್ಣದ ನೀರು ಬಿಡುತ್ತಿದ್ದ ದೊಡ್ಡ ತೊಟ್ಟಿ, ಬಾವಿಯಷ್ಟು ಆಳ. ಮೇಲೆ ಮುಚ್ಚಿದ್ದ ಹಲಗೆ ಕೊಳೆತು ಒಂದು ಕಡೆ ಮುರಿದು ಬಿದ್ದಿತ್ತು. ಬಗ್ಗಿ ನೋಡಿದರೆ ಒಳಗೋಡೆಯೆಲ್ಲ ನೇರಳೆ. ತಳದಲ್ಲಿ ಕಪ್ಪು ಕೆಸರು. ಗೋಡೆಯಿಂದ ಹೊರಚಾಚಿದ ಒಂದು ತುಕ್ಕು ಹಿಡಿದ ಪೈಪಿನ ಮೇಲೆ, ಗೋಡೆಗೆ ಅಂಟಿಕೊಂಡು, ಒಬ್ಬ ಹೆಂಗಸು ಕೂತಿದ್ದಳು. ಇಪ್ಪತ್ತೈದರ ಒಳಗಿನ ವಯಸ್ಸು. ಸೀರೆ, ಮುಖ, ಕೈ ಎಲ್ಲ ಆ ಗೋಡೆಯದೇ ಬಣ್ಣ. ಒಂದು ಕಾಲು ತಿರುಚಿಕೊಂಡಿತ್ತು. ಅವಳು ತಲೆಯೆತ್ತಿ ನಮ್ಮನ್ನು ನೋಡಿದಳು. ಆಶ್ಚರ್ಯಪಡಲಿಲ್ಲ. ಅದು ನನಗೆ ಇವತ್ತಿಗೂ ನೆನಪಿದೆ.

ತೊಟ್ಟಿಯ ಗೋಡೆಗೆ ಕಬ್ಬಿಣದ ಮೆಟ್ಟಿಲು ಬಡಿದಿದ್ದರು, ಅರ್ಧದವರೆಗೆ ಮಾತ್ರ ಉಳಿದಿದ್ದವು. ನಾನು ಬೇಡ ಎನ್ನುವುದರೊಳಗೆ ಶಿವಪ್ಪನವರು ಇಳಿದಾಗಿತ್ತು. ಕೊನೆಯ ಮೆಟ್ಟಿಲಿನ ಮೇಲೆ ಕಾಲೂರಿ, ಎಡಗೈಯಿಂದ ಮೇಲಿನದನ್ನು ಹಿಡಿದು, ಕೆಳಕ್ಕೆ ಬಾಗಿದರು. ಚಾಚಲು ಉಳಿದದ್ದು ಬಲಗೈ ಒಂದೇ. ಅವಳು ಒಂದೇ ಕಾಲಿನಲ್ಲಿ ಪೈಪಿನ ಮೇಲೆ ನಿಂತು ಕೈ ಎತ್ತಿದಳು. ಬೆರಳಿಗೆ ಬೆರಳು ತಾಗಿತು. ಅಷ್ಟರಲ್ಲಿ ಪೈಪು ಕಿತ್ತುಕೊಂಡು ಕೆಸರಿಗೆ ಬಿತ್ತು.

ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ. ಹಾಗಾಗಿ ನೋಡಿದೆ. ವರ್ಷದಿಂದ ಚಹಾದ ಗ್ಲಾಸು ಹಿಡಿಯದ ಆ ಕೈ ಅವಳ ಮಣಿಕಟ್ಟಿನ ಸುತ್ತ ಮುಚ್ಚಿತು. ಐದೂ ಬೆರಳು. ಅವಳು ಇಡೀ ತೂಕದೊಂದಿಗೆ ನೇತಾಡಿದಳು, ಕಾಲ ಕೆಳಗೆ ಎಷ್ಟು ಆಳವೋ ತಿಳಿಯದ ಕೆಸರು. ಕೈ ಬಿಡಲಿಲ್ಲ.

"ಬಿಡಬ್ಯಾಡ್ರಿ ಯಣ್ಣಾ," ಎಂದಳು. ದನಿಯೇ ಇರಲಿಲ್ಲ, ಬರೀ ಉಸಿರು.

"ಬಿಡೂದಿಲ್ಲವಾ ತಂಗಿ. ಹೆಸರೇನು ನಿಂದು?"

"ಹುಲಿಗೆಮ್ಮ."

"ಹುಲಿಗೆಮ್ಮ!" ಎಂದು ಅವರು ಆ ತೊಟ್ಟಿಯೆಲ್ಲ ಮೊಳಗುವ ಹಾಗೆ ಕೂಗಿದರು. ಸತ್ತ ಆ ಇನ್ನೊಬ್ಬಳ ಹೆಸರನ್ನು ಅವರು ಯಾರನ್ನೂ ಕೇಳಿರಲಿಲ್ಲ, ಯಾರಾದರೂ ಹೇಳಲು ಬಂದರೆ ಎದ್ದುಹೋಗುತ್ತಿದ್ದರು. "ಅಣ್ಣಾರ, ಹಗ್ಗಾ ತರ್ರಿ! ಓಡ್ರಿ! ನಾ ಹಿಡದೀನಿ, ಈಕಿನ್ನ ಹಿಡದೀನಿ!"

ಕಾಂಪೌಂಡಿನ ಆಚೆ ರಾಯಚೂರು, ಕಲಬುರಗಿ ಕಡೆಯ ಕೂಲಿಯವರ ತಗಡಿನ ಮನೆಗಳಿದ್ದವು. ನಾನು ಓಡಿಹೋಗಿ ಕನ್ನಡದಲ್ಲೋ ಹಿಂದಿಯಲ್ಲೋ ಕೂಗಿಕೊಂಡೆ. ಎಂಟು ಹತ್ತು ಜನ ಹಗ್ಗ, ಏಣಿ, ಒಂದು ಹೊರಸು ಹಿಡಿದುಕೊಂಡು ಹಿಂದೆ ಬಂದರು. ಹೋಗಿ ಬರಲು ಹತ್ತು ನಿಮಿಷವಾದರೂ ಹಿಡಿದಿರಬೇಕು. ಬರುವ ದಾರಿಯುದ್ದಕ್ಕೂ ನನಗೆ ಒಂದೇ ಭಯ, ಅದನ್ನು ನೀವು ಊಹಿಸಬಹುದು. ಬಗ್ಗಿ ನೋಡಿದರೆ ಇಬ್ಬರೂ ನಾನು ಬಿಟ್ಟುಹೋದ ಹಾಗೆಯೇ ಇದ್ದರು. ಶಿವಪ್ಪನವರ ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿತ್ತು. ಅವಳಿಗೆ ಅವರು ತಮ್ಮ ಊರಿನ ಎತ್ತಿನ ಕತೆ ಹೇಳುತ್ತಿದ್ದರು.

ಅವಳನ್ನು ಹೊರಸಿನ ಮೇಲೆ ಮಲಗಿಸಿ ಆ ತಗಡಿನ ಮನೆಗಳ ನಡುವೆ ತಂದಾಗ ಸಂಗತಿ ತಿಳಿಯಿತು. ಎರಡು ದಿನದ ಹಿಂದೆ ಕಟ್ಟಿಗೆ ಆಯಲು ಹೋದವಳು ತಿರುಗಿ ಬಂದಿರಲಿಲ್ಲ. ಅದರ ಹಿಂದಿನ ರಾತ್ರಿ ಗಂಡನ ಜೊತೆ ಜಗಳವಾಗಿತ್ತಂತೆ. ಹಾಗಾಗಿ ಓಡಿಹೋಗಿದ್ದಾಳೆ ಎಂದು ಅತ್ತೆ ಸಾರಿಬಿಟ್ಟಿದ್ದಳು. ಯಾರೂ ಹುಡುಕಿರಲಿಲ್ಲ. ಈಗ ಜನ ಮುತ್ತಿಕೊಂಡರು, ಹೆಂಗಸರು ಅತ್ತರು, ಯಾರೋ ನೀರು ಕುಡಿಸಿದರು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹುಲಿಗೆಮ್ಮ ಮೊಣಕೈಯೂರಿ ಎದ್ದಳು. ಎಲ್ಲರೂ ಸುಮ್ಮನಾದರು, ಇಲ್ಲದಿದ್ದರೆ ಆ ಉಸಿರಿನಂಥ ಮಾತು ಕೇಳುತ್ತಲೂ ಇರಲಿಲ್ಲ.

"ನಾ ಓಡಿ ಹೋಗೀನಿ ಅಂದವ್ರು ಯಾರು? ಮುಂದ ಬರ್ರಿ," ಎಂದಳು.

ಒಬ್ಬರೂ ಮುಂದೆ ಬರಲಿಲ್ಲ. ಒಬ್ಬ ಮುದುಕಿ ಮೊದಲು ನಕ್ಕಳು, ಆಮೇಲೆ ಇಡೀ ಓಣಿ ನಕ್ಕಿತು, ಅಳುತ್ತಲೇ ನಕ್ಕಿತು. ಟೆಂಪೋ ತಂದರು. ಅವಳ ಜೊತೆ ಆಸ್ಪತ್ರೆಗೆ ಹೋಗಲು ಹೆಂಗಸರು ನಾ ಮುಂದೆ ತಾ ಮುಂದೆ ಎಂದು ಹತ್ತಿದರು. ಹುಡುಗರು ಡಬ್ಬಿ ಬಡಿದರು. ಶಿವಪ್ಪನವರನ್ನು ಹೆಗಲ ಮೇಲೆ ಎತ್ತಲು ನಾಲ್ಕು ಜನ ನೋಡಿ, ಆ ತೂಕ ಆಗದೆ ಕೈಬಿಟ್ಟರು. ಯಾರೋ ಚಹಾ ತಂದು ಕೊಟ್ಟರು. ಅವರು ತೆಗೆದುಕೊಂಡು ಅರ್ಧ ಕುಡಿದ ಮೇಲೆ ಗ್ಲಾಸು ಯಾವ ಕೈಯಲ್ಲಿದೆ ಎಂದು ನೋಡಿಕೊಂಡರು. ನನ್ನ ಕಡೆ ನೋಡಿದರು. ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಅಲ್ಲಿಗೆ ಬಂದ ಪೊಲೀಸರು, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. "ದನಿ ಕೇಳಿ ಬಂದ್ವಿ," ಎಂದರು ಶಿವಪ್ಪ. ಒಳ್ಳೆಯ ಸುಳ್ಳು ಹೇಳಿದರು ಎಂದುಕೊಂಡು ನಾನೂ ತಲೆಯಾಡಿಸಿದೆ.

ಸಂಜೆ ಟಾಕೀಸಿಗೆ ಮರಳಿದಾಗ ಪವಾರ್ ಕಾಕಾ ಇನ್ನೂ ಸಿಟ್ಟಿನಲ್ಲಿದ್ದರು. ಏಳನೇ ರೀಲಿನಲ್ಲಿ ಏನಾದರೂ ತೊಂದರೆಯಾಯಿತೇ, ಕೆಳಗೆ ಯಾರಾದರೂ ಗಲಾಟೆ ಮಾಡಿದರೇ ಎಂದು ಕೇಳಿದೆ. ಅಂಥದ್ದೇನೂ ಇಲ್ಲ ಎಂದರು. ಕೊನೆಯ ಆಟ ಶುರುವಾಗುವ ಮೊದಲು ಏಳನೇ ರೀಲನ್ನು ಮೇಜಿನ ಮೇಲೆ ಹಾಕಿ, ಬಲ್ಬಿನ ಮುಂದೆ ಹಿಡಿದು, ಚೌಕಟ್ಟು ಚೌಕಟ್ಟಾಗಿ ಕೈಯಿಂದ ಸುತ್ತಿ ನೋಡಿದೆ. ಮೆಟ್ಟಿಲು, ಬಾಗಿಲು, ಛಾವಣಿ. ಬಾಗಿಲಿಗೂ ಛಾವಣಿಗೂ ನಡುವೆ ಒಂದು ಕೂದಲು ತೂರುವಷ್ಟು ಜಾಗವಿರಲಿಲ್ಲ. ಅಂಟಿಸಿದ ಗುರುತೂ ಇಲ್ಲ. ಮರುದಿನ ಆ ಪ್ರಿಂಟು ಹೊರಟುಹೋಯಿತು. ಕೆಲವು ವರ್ಷದ ಮೇಲೆ ಅದರ ಸಿಡಿ ಸಿಕ್ಕಿತು, ಅದರಲ್ಲೂ ನೋಡಿದೆ. ಇಲ್ಲ.

ಸೋಮವಾರ ಠಾಣೆ ನಗರಕ್ಕೆ, ಆ ಡಾಕ್ಟರುಗಳ ಮಂಡಳಿಗೆ, ಶಿವಪ್ಪನವರ ಜೊತೆ ನಾನೂ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ಮಹಾದೇವಿಯವರು ಕಣ್ಣು ಮುಚ್ಚಿ ಕೂತಿದ್ದರು. ಅರ್ಧ ಗಂಟೆಯ ಮೇಲೆ ಒಳಗಿನಿಂದ ಡಾಕ್ಟರರೊಬ್ಬರ "ಅರೇ ಬಸ್, ಬಸ್, ಸೋಡಾ!" ಎಂಬ ಕೂಗು ಕೇಳಿಸಿತು, ಸಾಕು ಬಿಡಿ ಎಂದು ಮರಾಠಿಯಲ್ಲಿ. ಕೈ ಒತ್ತಿ ತೋರಿಸಿ ಎಂದು ತಮ್ಮ ಕೈ ಕೊಟ್ಟಿದ್ದರಂತೆ. ಮಹಾದೇವಿಯವರು ಕಣ್ಣು ತೆರೆದು, "ಆತು ಬಿಡ್ರಿ, ನಮ್ಮ ಮನಿಯವ್ರು ಪಾಸ್ ಆದ್ರು," ಎಂದರು. ಜನವರಿಯಲ್ಲಿ ಅವರು ಮತ್ತೆ ಖಾಕಿ ಹಾಕಿ ಪ್ಲಾಟ್‌ಫಾರ್ಮಿನಲ್ಲಿ ನಿಂತರು. ಹಮಾಲರು ಹಾರ ಹಾಕಿದರು. ಹೂವಿನವಳು ದುಡ್ಡು ತೆಗೆದುಕೊಳ್ಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ, ಇಬ್ಬರಿಗೂ ಏಕಕಾಲಕ್ಕೆ ಏನೋ ಭ್ರಮೆಯಾಯಿತು, ಅದು ಅದೃಷ್ಟಕ್ಕೆ ನಿಜವಾಯಿತು ಎಂದು ಹೇಗಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ನಾವಿಬ್ಬರೂ ಆ ಬಗ್ಗೆ ವರ್ಷಗಟ್ಟಲೆ ಮಾತಾಡಲೇ ಇಲ್ಲ. ಮಾತಾಡಿದರೆ ಎಲ್ಲಿ ಅದರ ಬಲ ಹೋಗಿಬಿಡುತ್ತದೋ ಎಂದು ನನಗೆ ಅಳುಕು, ಅವರಿಗೂ ಹಾಗೆಯೇ ಇತ್ತೇನೋ. ಟಾಕೀಸಿಗೆ ಡಿಜಿಟಲ್ ಬಂತು, ರೀಲುಗಳು ಹೋದವು, ಆಮೇಲೆ ಟಾಕೀಸೇ ಮುಚ್ಚಿತು. ನಾನು ಮಗಳ ಮನೆಗೆಂದು ಖಾರಘರಕ್ಕೆ ಬಂದೆ. ಶಿವಪ್ಪ ಬಡ್ತಿ ಸಿಕ್ಕಿ ನಿವೃತ್ತರಾದರು. ಆ ವರ್ಷ ಒಂದು ಭಾನುವಾರ ಅವರು ನಮ್ಮಲ್ಲಿಗೆ ಊಟಕ್ಕೆ ಬಂದಾಗ ನಾನೇ ಬಾಯಿಬಿಟ್ಟೆ.

"ಆ ನೇರಳೆ ಕೈ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು ಹವಾಲ್ದಾರ್ರೆ," ಎಂದೆ.

"ಯಾವ ಕೈ?" ಎಂದರು.

ನಾನು ಹೇಳಿದೆ. ಚಿಮಣಿ, ಗೇಟು, ಗೋಡೆ, ಕೈ. ಅವರು ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ಅವರು ಅದೇನನ್ನೂ ಕಂಡಿರಲಿಲ್ಲ. ಛಾವಣಿಯ ಆ ದೃಶ್ಯ ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಿದ್ದರಂತೆ, ಹುಡುಗಿಯ ಕೈ ಜಾರುವುದನ್ನು ನೋಡಲಾಗದೆ. ಅಂದೂ ಹಾಗೆಯೇ ಕೂತಿದ್ದರು. ಅವರಿಗೆ ಸ್ಪೀಕರಿನಲ್ಲಿ ಕೇಳಿಸಿತು: ಗಾಡಿಯೊಂದು ನದಿಯ ಸೇತುವೆ ಏರುವ ಸದ್ದು, ಶಹಾಡ್ ದಾಟಿದ ಮೇಲಿನ ಸೇತುವೆಯದ್ದೇ ಅದು ಎಂದು ಅವರ ಕಿವಿಗೆ ಗೊತ್ತು. ಅದರ ಹಿಂದೆಯೇ ಒಂದು ಹೆಂಗಸಿನ ದನಿ, ಹಿಂದಿ ಪಿಕ್ಚರಿನ ನಡುವೆ, ಅಚ್ಚ ಅವರ ಬಯಲುಸೀಮೆಯ ಕನ್ನಡದಲ್ಲಿ: "ಯಾರರ ಅದೀರೇನ್ರೀ?"

ನನಗೆ ಸದ್ದೇ ಕೇಳಿರಲಿಲ್ಲ. ಅವರು ನನ್ನನ್ನು ಶಹಾಡಿಗೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ನಾನು ಅವರನ್ನು ಆ ಗೇಟಿಗೆ ಕರೆದುಕೊಂಡು ಹೋದೆ. ಒಬ್ಬೊಬ್ಬರೂ, ತನಗೆ ಗೊತ್ತಿದ್ದದ್ದೇ ಇನ್ನೊಬ್ಬರಿಗೂ ಗೊತ್ತು ಎಂದುಕೊಂಡು.

ಊಟವನ್ನು ಅಲ್ಲಿಗೇ ಬಿಟ್ಟು ನಾವಿಬ್ಬರೂ, ಅಂದಿನಿಂದ ಶಿವಪ್ಪನವರ ಮನೆಗೆ ಬಂದುಹೋಗುತ್ತಿದ್ದ ಹುಲಿಗೆಮ್ಮನನ್ನು ಹುಡುಕಿಕೊಂಡು ಹೊರಟೆವು. ಅವಳು ಆಗ ಖಾರಘರದಲ್ಲಿಯೇ ಗುಡ್ಡದ ಬುಡದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ಇಪ್ಪತ್ತು ಮೂವತ್ತು ಹೆಂಗಸರ ಮೇಲೆ ಮುಕಾದಮಳಾಗಿದ್ದಳು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಹಾಜರಿ ಪುಸ್ತಕ, ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆತ. ಎಂಜಿನಿಯರನೂ ಅವಳಿಗೆ ಹೆದರುತ್ತಾನೆ ಎಂದು ಅವಳ ಗಂಡನೇ ಹೆಮ್ಮೆಯಿಂದ ಹೇಳುತ್ತಿದ್ದ. ಭಾನುವಾರವೂ ಸ್ಲ್ಯಾಬಿನ ಕೆಲಸ ನಡೆದಿತ್ತು. ಶಿವಪ್ಪನವರನ್ನು ಕಂಡವಳೇ "ಯಣ್ಣಾ!" ಎಂದು ಓಡಿಬಂದಳು.

ಅಂದು ಮಧ್ಯಾಹ್ನ ನೀನು ಕೂಗಿದ್ದೆಯಾ ಎಂದು ಅವರು ಕೇಳಿದರು.

"ದನಿ ಎಲ್ಲಿತ್ರೀ ಯಣ್ಣಾ? ಒದರಿ ಒದರಿ ಮೊದಲನೇ ದಿನಾನ ಗಂಟಲ ಹೋಗಿತ್ತು. ಸುಮ್ನ ಗ್ವಾಡಿ ತಡವಿಕೋತ ಕುಂತಿದ್ದೆ," ಎಂದಳು. ಮೇಲೆ ಯಾರಿಗೋ ಬುಟ್ಟಿ ಸರಿಯಾಗಿ ಹಿಡಿಯಲು ಕೈಸನ್ನೆ ಮಾಡಿ, ಮತ್ತೆ ನಮ್ಮ ಕಡೆ ತಿರುಗಿದಳು. "ಆದ್ರ ನೀವು ಬರಾಕತ್ತೀರಿ ಅಂತ ಗೊತ್ತಿತ್ತು ಬಿಡ್ರಿ. ಮುಂಜಾನಿಂದ ನಿಮ್ಮಿಬ್ಬರ ಹೆಜ್ಜಿ ಸಪ್ಪಳ ಕೇಳಾಕತ್ತಿತ್ತು. ಒಬ್ರದು ಬೂಟು, ಒಬ್ರದು ಚಪ್ಲಿ. ಮೆಟ್ಲ ಇಳದ್ರಿ, ಕಡೀ ಮೆಟ್ಲದಾಗ ಒಬ್ರು ನಿಂತ್ರಿ. ಇಳೀಲಿ, ಇಳೀಲಿ ಅಂತ ಬೇಡಿಕೊಂಡೆ. ಇಳದ್ರಿ. ಅದಕ್ಕ ನಾ ಜೀವಾ ಗಟ್ಟಿ ಹಿಡಕೊಂಡು ಕುಂತೆ."

"ಮುಂಜಾನೆ ಎಂದರೆ ಎಷ್ಟು ಹೊತ್ತಿಗೆ?" ಎಂದು ನಾನು ಕೇಳಿದೆ.

"ಮಿಲ್ಲಿನ ಏಳರ ಭೋಂಗಾ ಊದಿತ್ತು ನೋಡ್ರಿ," ಎಂದಳು ಹುಲಿಗೆಮ್ಮ. ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ನಕ್ಕು, ಚಹಾ ಹೇಳಿಕಳಿಸಲು ಹೋದಳು.

ಆ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಶಿವಪ್ಪನವರು ಕಲ್ಯಾಣದ ಕ್ವಾರ್ಟರ್ಸಿನಲ್ಲಿ ಹೊದ್ದು ಮಲಗಿದ್ದರು. ನಾನು ಡೊಂಬಿವಿಲಿಯಲ್ಲಿ ನಳದ ಕೆಳಗೆ ಕೊಡ ಹಿಡಿದು ನಿಂತಿದ್ದೆ. ಆ ಪ್ಲಾಟ್‌ಫಾರ್ಮಿನ ಮೆಟ್ಟಿಲನ್ನು ನಾವು ಇಳಿದದ್ದು ಮಧ್ಯಾಹ್ನ ಎರಡೂವರೆಯ ಮೇಲೆ. ಜಲ್ಲಿಯ ರಾಶಿಯ ಪಕ್ಕದಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಶಿವಪ್ಪನವರು ನಗಲು ಶುರುಮಾಡಿದರು, ಆ ಹಳೆಯ ದೊಡ್ಡ ನಗು. ನನಗೂ ತಡೆಯಲಾಗಲಿಲ್ಲ. ಯಾಕೆ ನಕ್ಕೆವೋ ಗೊತ್ತಿಲ್ಲ. ಮೇಲಿನ ಮಹಡಿಯ ಹೆಂಗಸರು ಕೆಲಸ ನಿಲ್ಲಿಸಿ, ಈ ಇಬ್ಬರು ಮುದುಕರಿಗೆ ಏನಾಯಿತು ಎಂದು ಬಗ್ಗಿ ನೋಡಿದರು.